ತಪ್ಪು ಯಾರದು ಅಂತ ಕೇಳೋ ಮೊದಲು ಗಡಿಯಾರ ನೋಡಿ: ಹೋಟೆಲ್, ಅಂಗಡಿ, ಕೌಂಟರ್ ಕೆಲಸದ ಒತ್ತಡ ಇಳಿಸುವುದು ಹೇಗೆ?

ಬಳ್ಳಾರಿಯ ಒಂದು ಹೋಟೆಲಿನಲ್ಲಿ ನಾನು ಹನ್ನೊಂದು ವರ್ಷ ದುಡಿದೆ. ಮೊದಲು ಗಲ್ಲಾದಲ್ಲಿ ಕೂತೆ, ಆಮೇಲೆ ಮ್ಯಾನೇಜರ್ ಆದೆ. ಈಗ ಕೊಪ್ಪಳದಲ್ಲಿ ನನ್ನದೇ ಸಣ್ಣ ಹೋಟೆಲ್ ಇದೆ. ಒಂಬತ್ತು ಜನ ಕೆಲಸಕ್ಕಿದ್ದಾರೆ. ಈ ಲೇಖನ ಬರೆಯೋಕೆ ಕಾರಣ ಬಳ್ಳಾರಿಯ ಒಂದು ಮಧ್ಯಾಹ್ನ.

ಮೇ ತಿಂಗಳು. ಒಂದೂ ಮುಕ್ಕಾಲು. ಊಟದ ಗದ್ದಲ ಜೋರಾಗಿತ್ತು. ನಮ್ಮಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಸಪ್ಲೈಯರ್ ಹುಡುಗ ಆರನೇ ಟೇಬಲ್‌ನ ರೊಟ್ಟಿ ಊಟ ಒಯ್ದು ಒಂಬತ್ತನೇ ಟೇಬಲ್‌ಗೆ ಇಟ್ಟ. ಹತ್ತು ನಿಮಿಷದಲ್ಲಿ ಬಿಲ್ಲೂ ತಪ್ಪಾಯ್ತು. ಗಿರಾಕಿ ಕೂಗಿದರು. ಹುಡುಗ ತಿರುಗಿ ಅಂದ: "ಕಾಣಂಗಿಲ್ಲೇನ್ರಿ, ಎರಡೇ ಕೈ ಅದಾವು ನನಗ." ನಾನು ಎಲ್ಲರ ಎದುರಿಗೇ ಅವನನ್ನು ಬೈದೆ. ಅವನು ತಟ್ಟೆ ಕೆಳಗಿಟ್ಟು ಹಿಂದಕ್ಕೆ ಹೋದ. ಸ್ವಲ್ಪ ಹೊತ್ತಾದ ಮೇಲೆ ಹೋಗಿ ನೋಡಿದರೆ, ಪಾತ್ರೆ ತೊಳೆಯುವ ಜಾಗದಲ್ಲಿ ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದ. ಕೈ ನಡುಗುತ್ತಿತ್ತು.

"ಮುಂಜಾನೆ ಏನ್ ತಿಂದೀಯೋ ತಮ್ಮಾ?"

"ಏನಿಲ್ರಿ ಅಣ್ಣ. ಆರಕ್ಕ ಒಂದ್ ಚಾ ಕುಡದಿದ್ದೆ."

ಬೆಳಿಗ್ಗೆಯಿಂದ ನೂರಾರು ಜನಕ್ಕೆ ಒಗ್ಗರಣೆ ಮಿರ್ಚಿ, ಇಡ್ಲಿ, ಊಟ ಬಡಿಸಿದ ಹುಡುಗ ಅವನು. ಅವನ ಹೊಟ್ಟೆಯಲ್ಲಿ ಏಳೂ ಮುಕ್ಕಾಲು ತಾಸಿನಿಂದ ಒಂದು ಚಹಾ ಬಿಟ್ಟರೆ ಏನೂ ಇರಲಿಲ್ಲ. ಅವತ್ತು ನಾನು ಬೈದಿದ್ದು ಅವನನ್ನಲ್ಲ, ನಾನೇ ಮಾಡಿದ್ದ ಕೆಲಸದ ಪಟ್ಟಿಯನ್ನು. ಅದು ನನಗೆ ಅರ್ಥವಾಗೋಕೆ ಇನ್ನೂ ಕೆಲವು ತಿಂಗಳು ಹಿಡಿಯಿತು.

ಆಗಿನಿಂದ ನಾನು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಹೋಟೆಲ್, ಬಟ್ಟೆ ಅಂಗಡಿ, ಲಾಡ್ಜ್, ಆಸ್ಪತ್ರೆಯ ರಿಸೆಪ್ಷನ್, ಬ್ಯಾಂಕಿನ ಕೌಂಟರ್ ನಡೆಸುವವರಿಗೆ ಇದು ಉಪಯೋಗಕ್ಕೆ ಬರಬಹುದು. ಅಂಥ ಕಡೆ ದುಡಿಯುವವರೂ ಓದಿ, ಕೊನೆಗೆ ನಿಮಗೂ ಒಂದು ಭಾಗ ಇದೆ.

ಹೆಜ್ಜೆ 1: ಒಂದು ನೋಟ್‌ಬುಕ್ ತನ್ನಿ, ಅದರಲ್ಲಿ ಯಾರ ಹೆಸರೂ ಬರೆಯಬೇಡಿ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಪುಟದಲ್ಲಿ ಮೂರು ಗೆರೆ ಎಳೆದು ನಾಲ್ಕು ಕಾಲಂ ಮಾಡಿ. ಎಷ್ಟು ಗಂಟೆಗೆ, ಎಲ್ಲಿ, ಏನು ತಪ್ಪಾಯ್ತು, ಆಗ ಎಷ್ಟು ಜನ ಕೆಲಸದಲ್ಲಿದ್ದರು. ಇಷ್ಟೇ. ಯಾರು ತಪ್ಪು ಮಾಡಿದರು ಅನ್ನುವ ಕಾಲಂ ಬೇಡವೇ ಬೇಡ.

ಎರಡು ವಾರ ಬರೆಯಿರಿ. ಬಿಲ್ ತಪ್ಪು, ಲೋಟ ಒಡೆದದ್ದು, ಚಿಲ್ಲರೆ ಜಾಸ್ತಿ ಕೊಟ್ಟದ್ದು, ಗಿರಾಕಿ ಜೊತೆ ಜಗಳ, ಪಾರ್ಸಲ್‌ನಲ್ಲಿ ಚಟ್ನಿ ಮರೆತದ್ದು, ಹೇಳದೆ ಕೇಳದೆ ರಜೆ ಹಾಕಿದ್ದು, ಎಲ್ಲವೂ ಬರಲಿ.

ಹೆಸರು ಯಾಕೆ ಬೇಡ ಅಂದ್ರೆ, ಹೆಸರು ಬಂದ ಕೂಡಲೇ ನಮ್ಮ ತಲೆ ಅಲ್ಲೇ ನಿಂತುಬಿಡುತ್ತದೆ. "ಅವನು ಸೋಂಬೇರಿ", "ಅವಳಿಗೆ ಬಾಯಿ ಜಾಸ್ತಿ" ಅಂತ ಹೇಳಿ ಮುಗಿಸುತ್ತೇವೆ. ಇನ್ನೊಂದು ಕಾರಣ, ಹೆಸರು ಬರೆಯುತ್ತೀರಿ ಅಂತ ಗೊತ್ತಾದರೆ ಜನ ತಪ್ಪು ಮುಚ್ಚಿಡುತ್ತಾರೆ.

ನಾನು ಕೊಪ್ಪಳದಲ್ಲಿ ಮೊದಲ ಸಲ ಹೀಗೆ ಬರೆದಾಗ ಎರಡು ವಾರಕ್ಕೆ ನಲವತ್ಮೂರು ತಪ್ಪು ಸಿಕ್ಕವು. ಅದರಲ್ಲಿ ಇಪ್ಪತ್ತಾರು ಒಂದು ಗಂಟೆಯಿಂದ ಎರಡೂವರೆ ಒಳಗೆ ಆಗಿದ್ದವು. ಇನ್ನೊಂದು ಗುಂಪು ರಾತ್ರಿ ಹತ್ತರ ಮೇಲೆ. ಬೆಳಿಗ್ಗೆ ಎಂಟಕ್ಕೂ ಹೋಟೆಲ್ ತುಂಬಿ ತುಳುಕುತ್ತಿತ್ತು, ಆಗ ತಪ್ಪು ಮೂರೋ ನಾಲ್ಕೋ ಅಷ್ಟೇ. ಹುಡುಗರು ಅವರೇ, ಗದ್ದಲವೂ ಹೆಚ್ಚು ಕಡಿಮೆ ಅಷ್ಟೇ. ಬೇರೆ ಆಗಿದ್ದು ಹೊತ್ತು ಮಾತ್ರ.

ಹೆಜ್ಜೆ 2: ಒತ್ತಡ ಯಾವ ಕೆಲಸವನ್ನು ಮೊದಲು ಕೆಡಿಸುತ್ತದೆ ಅಂತ ತಿಳಿಯಿರಿ

ಒತ್ತಡ ಅಂದ ಕೂಡಲೇ ಎಲ್ಲ ಕೆಲಸ ಒಂದೇ ಥರ ಕೆಡುತ್ತದೆ ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಇಲಿಗಳ ಮೇಲೆ ಪ್ರಯೋಗ ಮಾಡಿದರು. ತಪ್ಪು ದಾರಿ ಹಿಡಿದ ಇಲಿಗೆ ಸಣ್ಣ ಶಾಕ್ ಕೊಡುತ್ತಿದ್ದರು. ಸುಲಭದ ಕೆಲಸ ಕಲಿಯುವಾಗ ಶಾಕ್ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ಕಷ್ಟದ ಕೆಲಸದಲ್ಲಿ ಮಾತ್ರ ಶಾಕ್ ಒಂದು ಮಿತಿ ದಾಟಿದ ಕೂಡಲೇ ಕಲಿಕೆ ಹಿಂದೆ ಬಿತ್ತು.

ನಮ್ಮ ಕೆಲಸಕ್ಕೆ ಇದನ್ನು ಹೊಂದಿಸಿ ನೋಡಿ. ಟೇಬಲ್ ಒರೆಸುವುದು, ನೀರು ತುಂಬುವುದು, ಬಟ್ಟೆ ಮಡಿಸಿ ಇಡುವುದು ಗದ್ದಲದಲ್ಲೂ ನಡೆಯುತ್ತದೆ. ಸ್ವಲ್ಪ ಅವಸರ ಇದ್ದರೆ ಇನ್ನೂ ಚುರುಕಾಗಿಯೇ ನಡೆಯುತ್ತದೆ. ಆದರೆ ಒಂಬತ್ತು ಜನರ ಒಂದು ಟೇಬಲ್‌ನ ಆರ್ಡರ್ ನೆನಪಿಡುವುದು, ಎರಡು ಬಿಲ್ ಬೇರೆ ಮಾಡುವುದು, ಸಿಟ್ಟಾದ ಗಿರಾಕಿಗೆ ಸಮಾಧಾನ ಹೇಳುವುದು ಇವೆಲ್ಲ ತಲೆ ಹಿಡಿದು ಮಾಡುವ ಕೆಲಸ. ಒತ್ತಡ ಏರಿದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆ ಬಡಿತ ಜೋರಾಗುತ್ತದೆ, ಗಮನ ಎದುರಿಗಿರುವ ಒಂದೇ ವಿಷಯದ ಮೇಲೆ ಕೂರುತ್ತದೆ. ಆ ಕ್ಷಣಕ್ಕೆ ತಲೆಯಲ್ಲಿ ಹಿಡಿದಿಟ್ಟ ನಾಲ್ಕು ಮಾತಿನಲ್ಲಿ ಎರಡು ಜಾರಿಹೋಗುತ್ತವೆ. "ಆಗಲೇ ಹೇಳಿದೆನಲ್ಲ, ಸಕ್ಕರೆ ಬೇಡ ಅಂತ" ಅಂತ ಗಿರಾಕಿ ಕೂಗುವುದು ಇಲ್ಲೇ. ಹುಡುಗ ಕೇಳಿಸಿಕೊಂಡಿರುತ್ತಾನೆ. ನೆನಪು ನಿಂತಿರುವುದಿಲ್ಲ.

ಇದರಿಂದ ತಕ್ಷಣ ಮಾಡಬಹುದಾದದ್ದು ಒಂದಿದೆ. ಯಾರಾದರೂ ಸೋತಂತೆ ಕಂಡರೆ ಅವರನ್ನು ಮನೆಗೆ ಕಳಿಸೋಕೆ ಆಗದಿದ್ದರೂ ಕೆಲಸ ಬದಲಿಸಬಹುದು. ಅರ್ಧ ಗಂಟೆ ಆರ್ಡರ್ ಬಿಡಿಸಿ ಲೋಟ ಒರೆಸಲು ಹಾಕಿ. ಶಿಕ್ಷೆ ಅಂತ ಅಲ್ಲ. "ಸ್ವಲ್ಪ ಹೊತ್ತು ಇಲ್ಲಿರಪಾ, ಆಮೇಲೆ ಬಾ" ಅಂತ ಬಾಯಿಬಿಟ್ಟು ಹೇಳಿ. ಇನ್ನೊಂದು, ನೆನಪಿನ ಮೇಲೆ ಭಾರ ಹಾಕಬೇಡಿ. ಬರೆದುಕೊಳ್ಳಲು ಸಣ್ಣ ಚೀಟಿ ಪುಸ್ತಕ, ಪೆನ್ನು ಕೊಡಿ. ನಮ್ಮ ಕಡೆ ಬರೆದುಕೊಳ್ಳುವ ಸಪ್ಲೈಯರ್ ಅಂದ್ರೆ ಹೊಸಬ ಅನ್ನುವ ಭಾವನೆ ಇದೆ. ಅದನ್ನು ಬಿಡಿಸಲು ನಾನೇ ಚೀಟಿ ಹಿಡಿದು ಹದಿನೈದು ದಿನ ಆರ್ಡರ್ ತಗೊಂಡೆ.

ಹೆಜ್ಜೆ 3: ಮೊದಲು ಹೊಟ್ಟೆ, ನೀರು, ಕಾಲು

ಮನಸ್ಸಿನ ಮಾತು ಆಮೇಲೆ ಆಡೋಣ. ಮೊದಲು ದೇಹ.

ಊಟ. ಗದ್ದಲ ಮುಗಿದ ಮೇಲೆ ಕೆಲಸದವರ ಊಟ ಅನ್ನುವುದು ಎಲ್ಲ ಹೋಟೆಲಿನ ರೂಢಿ. ಅಂದರೆ ಮೂರೂವರೆ, ನಾಲ್ಕು. ನಾವು ಅದನ್ನು ತಿರುಗಿಸಿದೆವು. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರಿಗೂ ನಾಷ್ಟಾ, ಹನ್ನೊಂದೂವರೆಗೆ ಅರ್ಧ ಊಟ, ಮೂರೂವರೆಗೆ ಉಳಿದದ್ದು. ಹನ್ನೊಂದೂವರೆಗೆ ಇಬ್ಬಿಬ್ಬರಾಗಿ ಕೂತು ಒಂದು ರೊಟ್ಟಿ, ಪಲ್ಯ, ಸ್ವಲ್ಪ ಅನ್ನ ಮಜ್ಜಿಗೆ ತಿನ್ನುತ್ತಾರೆ. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಈ ಇಡೀ ಲೇಖನದಲ್ಲಿ ನೀವು ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ. ನಮ್ಮಲ್ಲಿ ಮಧ್ಯಾಹ್ನದ ತಪ್ಪುಗಳು ಅರ್ಧಕ್ಕಿಂತ ಕೆಳಗೆ ಇಳಿದದ್ದು ಮುಖ್ಯವಾಗಿ ಇದರಿಂದ ಅಂತ ನಾನು ನಂಬುತ್ತೇನೆ.

ನೀರು. ಬಳ್ಳಾರಿ, ರಾಯಚೂರಿನ ಬೇಸಿಗೆ ಗೊತ್ತಲ್ಲ, ನಲವತ್ತು ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಒಲೆ ಮುಂದೆ ಅದಕ್ಕಿಂತ ಜಾಸ್ತಿ. ದೇಹದ ತೂಕದ ನೂರಕ್ಕೆ ಎರಡು ಪಾಲಿನಷ್ಟು ನೀರು ಬೆವರಾಗಿ ಹೋದರೂ ಗಮನ ಕುಗ್ಗುತ್ತದೆ. ಅರವತ್ತು ಕಿಲೋ ತೂಕದವರಿಗೆ ಅದು ಒಂದು ಲೀಟರಿನ ಮೇಲೆ ಸ್ವಲ್ಪ. ನಮ್ಮ ಭಟ್ಟರು ಒಂದು ಮಧ್ಯಾಹ್ನದಲ್ಲಿ ಅಷ್ಟು ಬೆವರುತ್ತಾರೆ. ಹಾಗಾಗಿ ಕೆಲಸದವರಿಗೆ ಅಂತಲೇ ಬೇರೆ ಮಣ್ಣಿನ ಹರವಿ ಇಡಿ. ಬೇಸಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಇಡಿ.

ನೀರಿನ ಜೊತೆಗೇ ಶೌಚಾಲಯದ ಮಾತು ಬರಬೇಕು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುವುದನ್ನು ನಾನು ನೋಡಿದ್ದೇನೆ. ಕೇಳಿದರೆ ಒಬ್ಬಾಕಿ ಮೆಲ್ಲಗೆ ಹೇಳಿದಳು: "ಕುಡಿದ್ರ ಹೋಗ್ಬೇಕಾಗ್ತೈತಲ್ರಿ ಅಣ್ಣ, ಎಲ್ಲಿಗೆ ಹೋಗೋದು?" ಚಿಲಕ ಗಟ್ಟಿ ಇರುವ, ನೀರು ಬರುವ ಒಂದು ಶೌಚಾಲಯ ಇಲ್ಲದ ಅಂಗಡಿಯಲ್ಲಿ ಒತ್ತಡದ ಬಗ್ಗೆ ತರಬೇತಿ ಕೊಡಿಸಿ ಏನು ಪ್ರಯೋಜನ?

ಕಾಲು. ದಿನಕ್ಕೆ ಹತ್ತು ತಾಸು ನಿಂತವರ ಕಾಲು ಬಾತು, ಸೊಂಟ ಹಿಡಿದು, ಸಂಜೆಗೆ ಮಾತು ಒರಟಾಗುತ್ತದೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕಾನೂನು ತಿದ್ದಿದವು. ಗಿರಾಕಿ ಇಲ್ಲದಾಗ ಕೂತರೆ ಅದು ಅಗೌರವ ಅಲ್ಲ. ಎರಡು ಸ್ಟೂಲ್ ತನ್ನಿ. ತಂದ ಮೇಲೆ ನೀವೇ ಕೂರಿ ಅಂತ ಹೇಳಿ, ಇಲ್ಲದಿದ್ದರೆ ಯಾರೂ ಕೂರುವುದಿಲ್ಲ.

ಹೆಜ್ಜೆ 4: ಸಣ್ಣ ತೀರ್ಮಾನ ಅವರ ಕೈಗೆ ಕೊಡಿ

ಕೆಲಸ ಜಾಸ್ತಿ ಇದ್ದ ಮಾತ್ರಕ್ಕೆ ಮನುಷ್ಯ ಕುಸಿಯುವುದಿಲ್ಲ. ಕೆಲಸ ಜಾಸ್ತಿ ಇದ್ದು, ಅದರ ಮೇಲೆ ತನ್ನ ಹಿಡಿತ ಏನೂ ಇಲ್ಲದಾಗ ಕುಸಿಯುತ್ತಾನೆ. ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲಿ ಹೇಳಿದ ಮಾತು ಇದು. ಕೆಲಸದ ಒತ್ತಡದ ಬಗ್ಗೆ ಮಾತಾಡುವವರು ಇವತ್ತಿಗೂ ಅದನ್ನು ಎತ್ತಿ ಹೇಳುತ್ತಾರೆ.

ಸಪ್ಲೈಯರ್‌ದು ಅಂಥದ್ದೇ ಕೆಲಸ. ದೋಸೆ ತಡ ಮಾಡುವುದು ಒಲೆ ಮುಂದಿನವರು. ರೇಟು ಇಡುವುದು ಸಾವ್ಕಾರರು. ಬೈಗುಳ ತಿನ್ನುವುದು ಮಾತ್ರ ಸಪ್ಲೈಯರ್. ನಾವು ಒಂದು ನಿಯಮ ಮಾಡಿದೆವು. ಅರವತ್ತು ರೂಪಾಯಿವರೆಗಿನ ತೀರ್ಮಾನ ಸಪ್ಲೈಯರ್‌ದೇ. ವಡೆ ತಣ್ಣಗಿದ್ದರೆ ಬದಲಿಸಿ ಕೊಡಬಹುದು. ತಡವಾಗಿದ್ದರೆ ಒಂದು ಕಾಫಿ ಬಿಲ್ಲಿಗೆ ಹಿಡಿಯದೆ ಬಿಡಬಹುದು. ನನ್ನನ್ನು ಕೇಳಬೇಕಾಗಿಲ್ಲ, ಚೀಟಿಯಲ್ಲಿ ಬರೆದಿಟ್ಟರೆ ಸಾಕು. ದುರುಪಯೋಗ ಆದೀತು ಅಂತ ನನ್ನ ಮನೆಯವರೇ ಹೆದರಿಸಿದರು. ಮೊದಲ ತಿಂಗಳು ಇದಕ್ಕೆ ಹೋದದ್ದು ನಾನ್ನೂರ ಎಂಬತ್ತು ರೂಪಾಯಿ. ಅದಕ್ಕಿಂತ ಹೆಚ್ಚು ದುಡ್ಡು ಮೊದಲು ಒಡೆದ ಲೋಟಕ್ಕೇ ಹೋಗುತ್ತಿತ್ತು.

ಬ್ಯಾಂಕ್, ಆಸ್ಪತ್ರೆಯಂಥ ಕಡೆ ದುಡ್ಡಿನ ತೀರ್ಮಾನ ಹೀಗೆ ಬಿಟ್ಟುಕೊಡಲು ಆಗುವುದಿಲ್ಲ, ಸರಿ. ಅಲ್ಲಿ ಹೊತ್ತಿನ ತೀರ್ಮಾನ ಕೊಡಬಹುದು. ಎರಡು ತಾಸಿಗೊಮ್ಮೆ ಐದು ನಿಮಿಷ ಎದ್ದು ಹೋಗಲು ಬೋರ್ಡ್ ಇಡುವ ಹಕ್ಕು ಕೌಂಟರಿನಲ್ಲಿ ಕೂತವರಿಗೇ ಇರಲಿ.

ಹೆಜ್ಜೆ 5: ಕೂಗುವ ಗಿರಾಕಿಯ ಎದುರು ಹುಡುಗರನ್ನು ಒಂಟಿಯಾಗಿ ಬಿಡಬೇಡಿ

ಕಾರ್ಖಾನೆ ಕೆಲಸಕ್ಕೂ ನಮ್ಮ ಕೆಲಸಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಜೀನ್ಸ್ ಹೊಲಿಯುವವರು ಸಿಟ್ಟು ಮಾಡಿಕೊಂಡೇ ಹೊಲಿದರೂ ಹೊಲಿಗೆ ಸರಿ ಬಂದರೆ ಆಯ್ತು. ನಮ್ಮಲ್ಲಿ ಮುಖವೂ ಸರಕು. ಒಳಗೆ ಏನೇ ಕುದಿಯುತ್ತಿದ್ದರೂ ನಗಬೇಕು. ವಿಮಾನದಲ್ಲಿ ಕೆಲಸ ಮಾಡುವ ಗಗನಸಖಿಯರನ್ನು ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞೆಯೊಬ್ಬರು 1983ರಲ್ಲಿ ಇದಕ್ಕೆ ಭಾವನೆಯ ದುಡಿಮೆ ಅಂತ ಹೆಸರಿಟ್ಟರು. ಹೆಸರು ಆಗ ಬಂತು, ದಣಿವು ಮೊದಲಿನಿಂದಲೂ ಇದೆ. ಇಲ್ಲದ ನಗುವನ್ನು ಹತ್ತು ತಾಸು ಹಿಡಿದಿಡುವುದು ಅಕ್ಕಿ ಮೂಟೆ ಹೊತ್ತಂತೆಯೇ ಸುಸ್ತು ಮಾಡುತ್ತದೆ.

ನಾವು ಹುಡುಗರಿಗೆ ಕಲಿಸಿದ್ದು ಇಷ್ಟು. ಗಿರಾಕಿ ಕೂಗುತ್ತಿರುವಾಗ ನಡುವೆ ಬಾಯಿ ಹಾಕಬೇಡಿ. ಮುಗಿಸಲಿ. ಆಮೇಲೆ ಕಾರಣ ಹೇಳಬೇಡಿ, ಹೊತ್ತು ಹೇಳಿ. "ಒಲೆ ಮ್ಯಾಲ ಲೋಡ್ ಜಾಸ್ತಿ ಐತ್ರಿ" ಅಂದರೆ ಸಿಟ್ಟು ಏರುತ್ತದೆ. "ತಡ ಆಗೈತ್ರಿ, ತಪ್ಪು ನಮ್ದ. ಎಂಟು ನಿಮಿಷದಾಗ ತರ್ತೀನ್ರಿ" ಅಂದರೆ ಬಹಳ ಮಂದಿ ಇಳಿಯುತ್ತಾರೆ. ಎಂಟು ಅಂದರೆ ಎಂಟೇ ಆಗಬೇಕು. ಆಗಲ್ಲ ಅನ್ನಿಸಿದರೆ ಹನ್ನೆರಡು ಅಂತಲೇ ಹೇಳಿ.

ಗಿರಾಕಿ ಅವ್ವ ಅಕ್ಕ ಅಂತ ಬೈದರೆ, ಕೈ ಮಾಡಿದರೆ, ಅಲ್ಲಿಗೆ ಹುಡುಗನ ಕೆಲಸ ಮುಗಿಯಿತು. ನನ್ನ ಕೆಲಸ ಶುರುವಾಗುತ್ತದೆ. ಕೂಗಿ ಕರೆಯಲು ನಾಚಿಕೆ ಅಂತ ಹುಡುಗರು ಹೇಳಿದ್ದಕ್ಕೆ ಒಂದು ಗುರುತು ಮಾಡಿಕೊಂಡೆವು. ಸಪ್ಲೈಯರ್‌ಗಳ ಎಡ ಹೆಗಲ ಮೇಲೆ ಟೇಬಲ್ ಒರೆಸುವ ಬಟ್ಟೆ ಇರುತ್ತದಲ್ಲ, ಅದು ಬಲ ಹೆಗಲಿಗೆ ಬಂದರೆ ನಾನು ಗಲ್ಲಾ ಬಿಟ್ಟು ಎದ್ದು ಬರುತ್ತೇನೆ. ಗಿರಾಕಿಗೆ ಗೊತ್ತೇ ಆಗುವುದಿಲ್ಲ. ನಾನು ಬಂದು "ಹೇಳ್ರಿ ಯಜಮಾನ್ರ, ಏನಾತು?" ಅಂತ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಹುಡುಗ ಹಿಂದೆ ಹೋಗಿ ಹತ್ತು ನಿಮಿಷ ಇದ್ದು ಬರುತ್ತಾನೆ. ಈ ಹತ್ತು ನಿಮಿಷ ಮುಖ್ಯ. ಬೈಸಿಕೊಂಡ ಕೂಡಲೇ ಮುಂದಿನ ಟೇಬಲ್‌ಗೆ ಕಳಿಸಿದರೆ ಆ ಸಿಟ್ಟು ಏನೂ ತಪ್ಪು ಮಾಡದ ಇನ್ನೊಬ್ಬ ಗಿರಾಕಿಯ ಮೇಲೆ ಬೀಳುತ್ತದೆ.

ಹೆಣ್ಣುಮಕ್ಕಳು ಕೆಲಸಕ್ಕಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಇದ್ದರೆ ಒಳಗೇ ದೂರು ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಹೊರಗಿನಿಂದ ಬರುವ ಗಿರಾಕಿಗಳಿಂದ ರಕ್ಷಣೆ ಕೊಡುವುದೂ ಮಾಲೀಕರ ಹೊಣೆಯೇ.

ಬೈಯುವ ಮಾತು ಬಂತು ಅಂತ ಇದನ್ನೂ ಹೇಳುತ್ತೇನೆ. ಮ್ಯಾನೇಜರ್ ಎಲ್ಲರ ಎದುರು ಬೈದರೆ ಬೈಸಿಕೊಂಡವನೊಬ್ಬನೇ ಅಲ್ಲ, ನೋಡಿದ ಉಳಿದವರೂ ಅವತ್ತು ಗಿರಾಕಿಯನ್ನು ಬಿಟ್ಟು ಮ್ಯಾನೇಜರ್ ಮುಖ ನೋಡುತ್ತಾ ಕೆಲಸ ಮಾಡುತ್ತಾರೆ. ತಿದ್ದುವುದಿದ್ದರೆ ನಾಲ್ಕು ಗಂಟೆಗೆ, ಹಿಂದೆ ಕೂತು, ಒಬ್ಬರಿಗೇ ಹೇಳಿ.

ಹೆಜ್ಜೆ 6: ನಿದ್ದೆಯ ಲೆಕ್ಕ ಹಾಕಿ

ರಾತ್ರಿ ಹತ್ತರ ಮೇಲಿನ ತಪ್ಪುಗಳ ಕಥೆ ಇದು. ನಮ್ಮ ಹುಡುಗರು ಐದಕ್ಕೆ ಏಳುತ್ತಿದ್ದರು. ಮಧ್ಯಾಹ್ನ ನಾಲ್ಕರಿಂದ ಆರು ಬಿಡುವು, ಆದರೆ ಮಲಗುವ ಜಾಗ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು. ಅಂದರೆ ಹತ್ತು ಗಂಟೆಗೆ ಅವರು ಎದ್ದು ಹದಿನೇಳು ತಾಸು. ಹದಿನೇಳು ತಾಸು ಎಚ್ಚರ ಇದ್ದವರ ಕೈ ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇದ್ದವರಷ್ಟೇ ಕುಗ್ಗುತ್ತದೆ ಅಂತ 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ ಶೇಕಡಾ 0.03. ನಾವು ಅಂಥ ಹುಡುಗರ ಕೈಯಲ್ಲಿ ಕುದಿಯುವ ಸಾಂಬಾರು ಕೊಡುತ್ತಿದ್ದೆವು. ಕೆಲಸ ಮುಗಿಸಿ ಅವರು ಬೈಕ್ ಹತ್ತಿ ಹಳ್ಳಿಗೆ ಹೋಗುತ್ತಿದ್ದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ಬೆಳಗಿನ ಪಾಳಿಯವರು ಮಧ್ಯಾಹ್ನ ಮೂರೂವರೆಗೆ ಊಟ ಮಾಡಿ ಹೊರಡುತ್ತಾರೆ. ಹನ್ನೆರಡಕ್ಕೆ ಬಂದವರು ರಾತ್ರಿಯವರೆಗೆ ಇರುತ್ತಾರೆ. ಇದಕ್ಕೆ ಇಬ್ಬರನ್ನು ಹೆಚ್ಚು ತಗೊಂಡೆ. ಖರ್ಚು ಬಂತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೂ ಮೊದಲು ಎರಡು ತಿಂಗಳಿಗೊಬ್ಬರು ಬಿಟ್ಟು ಹೋಗುತ್ತಿದ್ದರು. ಹೊಸಬರನ್ನು ಹುಡುಕಿ, ಅಡ್ವಾನ್ಸ್ ಕೊಟ್ಟು, ಕಲಿಸಿ, ಅವರೂ ಓಡಿಹೋಗುವುದು ನೋಡಿದವರಿಗೆ ಯಾವುದು ಅಗ್ಗ ಅಂತ ಗೊತ್ತು. ಇಷ್ಟಕ್ಕೂ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಿಂದ ಇದೆ. ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ಪೂರ್ತಿ ರಜೆ, ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ ಅಂತ ಅದರಲ್ಲೇ ಇದೆ.

ಹೆಜ್ಜೆ 7: ಜಾತ್ರೆ ಯಾವತ್ತು ಅಂತ ಗೊತ್ತಿದ್ದರೆ ತಯಾರಿ ಯಾಕಿಲ್ಲ?

ನಮ್ಮ ಕಡೆಯ ಗದ್ದಲ ಬಹಳಷ್ಟು ಮೊದಲೇ ಗೊತ್ತಿರುವ ಗದ್ದಲ. ಹುಣ್ಣಿಮೆ ದಿನ ಹುಲಿಗೆಮ್ಮನ ದರ್ಶನಕ್ಕೆ ಜನ ಬರುತ್ತಾರೆ. ದೀಪಾವಳಿ, ಯುಗಾದಿ, ಮದುವೆ ತಿಂಗಳಲ್ಲಿ ಬಟ್ಟೆ ಅಂಗಡಿ ತುಂಬುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಜಮೆ ಆದ ಸುದ್ದಿ ಬಂದರೆ ಹಳ್ಳಿಯ ಬ್ಯಾಂಕ್ ಶಾಖೆಯ ಮುಂದೆ ಬೆಳಿಗ್ಗೆಯೇ ಪಾಸ್‌ಬುಕ್ ಹಿಡಿದ ತಾಯಂದಿರ ಸಾಲು. "ರೊಕ್ಕ ಬಿದ್ದೈತೇನ್ ನೋಡಪಾ" ಅನ್ನುವ ಒಂದೇ ಪ್ರಶ್ನೆಗೆ ಒಬ್ಬ ಕ್ಯಾಷಿಯರ್ ಇನ್ನೂರು ಸಲ ಉತ್ತರ ಹೇಳಬೇಕು. ಅದೇ ಕೈಯಲ್ಲಿ ನೋಟು ಎಣಿಸಬೇಕು. ಎಣಿಕೆ ತಪ್ಪಿದರೆ ಸಂಜೆ ತನ್ನ ಜೇಬಿನಿಂದ ಕಟ್ಟಬೇಕು. ಅಂಥ ದಿನ ಪಾಸ್‌ಬುಕ್ ನೋಡಿ ಹೇಳಲು ಬಾಗಿಲ ಹತ್ತಿರ ಬೇರೆಯೇ ಒಂದು ಟೇಬಲ್ ಹಾಕಿದರೆ ನಗದು ಕೌಂಟರಿನ ತಲೆ ಹಗುರಾಗುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಕಂಡಕ್ಟರ್‌ಗಳ ಪಾಡೂ ಹೀಗೇ. ಹೆಣ್ಣುಮಕ್ಕಳು ಓಡಾಡುವಂತಾದದ್ದು ಬಹಳ ಒಳ್ಳೆಯದಾಯಿತು, ನನ್ನ ಹೋಟೆಲಿಗೆ ಬರುವ ಇಬ್ಬರು ಅಕ್ಕಂದಿರೂ ಅದೇ ಬಸ್ಸಿನಲ್ಲಿ ಬರುತ್ತಾರೆ. ಆದರೆ ತುಂಬಿದ ಬಸ್ಸಿನಲ್ಲಿ ಗುರುತಿನ ಚೀಟಿ ನೋಡಿ ಒಬ್ಬೊಬ್ಬರಿಗೂ ಶೂನ್ಯ ಟಿಕೆಟ್ ಹರಿಯುವುದು ದೊಡ್ಡ ಕೆಲಸ. ಅವರ ಮೇಲೆ ಕೂಗುವ ಮೊದಲು ನಾವು ಒಂದು ಕ್ಷಣ ತಡೆಯಬೇಕು.

ನೀವು ಮಾಡಬೇಕಾದದ್ದು ಇಷ್ಟೇ. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಮೂರು ತಿಂಗಳ ಭಾರದ ದಿನಗಳಿಗೆ ಕೆಂಪು ಗುರುತು ಹಾಕಿ. ಆ ದಿನ ಮೆನು ಚಿಕ್ಕದು ಮಾಡಿ. ಮರುದಿನ ಯಾರಿಗೆ ರಜೆ ಅಂತ ಮೊದಲೇ ಬರೆದಿಡಿ.

ಹೆಜ್ಜೆ 8: ಕೇಳುವ ರೀತಿ

"ಏನಾದ್ರೂ ತೊಂದ್ರೆ ಐತೇನು?" ಅಂದರೆ ಎಲ್ಲರೂ "ಇಲ್ರಿ" ಅನ್ನುತ್ತಾರೆ. ಕಂಡದ್ದನ್ನು ಹೇಳಿ ಕೇಳಿ. "ಎರಡು ವಾರದಿಂದ ನೀ ಊಟಕ್ಕ ಕೂರವಲ್ಲಿ. ನಿದ್ದಿ ಬರ್ತೈತೇನು?" ಆಮೇಲೆ ಸುಮ್ನೆ ಇರಿ. ಮಾತು ತಾನಾಗಿ ಬರುತ್ತದೆ. ನನ್ನ ಒಬ್ಬ ಕೆಲಸದವರ ಕಥೆ ಹೀಗೆ ಹೊರಬಂತು. ಮಗಳ ಫೀಸಿಗೆ ಬಡ್ಡಿ ಸಾಲ, ಸಾಲದವರು ದಿನಾ ಫೋನ್ ಮಾಡುತ್ತಿದ್ದರು. ನಾನು ಸಾಲ ತೀರಿಸಲಿಲ್ಲ. ಫೋನ್ ಬರುವ ಹೊತ್ತಿಗೆ ಅವರನ್ನು ಗಲ್ಲಾದಿಂದ ಬಿಡಿಸಿ, ಸಂಬಳವನ್ನು ತಿಂಗಳ ಬದಲು ವಾರಕ್ಕೊಮ್ಮೆ ಕೊಡಲು ಶುರು ಮಾಡಿದೆ. ಲೆಕ್ಕ ತಪ್ಪುವುದು ನಿಂತಿತು.

ಹೆಜ್ಜೆ 9: ದಣಿವಲ್ಲ, ಅದಕ್ಕಿಂತ ಆಳ ಅನ್ನಿಸಿದಾಗ

ಒಂದು ರಜೆ, ಎರಡು ರಾತ್ರಿ ನಿದ್ದೆಯಿಂದ ಹೋಗುವುದು ದಣಿವು. ಹೋಗದೆ ಉಳಿಯುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಬರ್ನ್‌ಔಟ್ ಬಗ್ಗೆ ಹೇಳಿದೆ. ಅದನ್ನು ರೋಗ ಅಂತ ಕರೆದಿಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ ಅಂದಿದೆ. ಲಕ್ಷಣ ಮೂರು. ಮೈ ಮನಸ್ಸು ಬರಿದಾಗುವುದು, ಕೆಲಸದ ಮೇಲೆ ಬೇಸರ ಹುಟ್ಟಿ ದೂರ ನಿಲ್ಲುವುದು, ಮೊದಲಿನ ಹಾಗೆ ಕೆಲಸ ಆಗದಿರುವುದು. ಗಿರಾಕಿಯನ್ನು ನೋಡಿದರೆ ನಗುತ್ತಿದ್ದವರು "ಒಂಬತ್ತನೇ ಟೇಬಲ್ ಬಂತು ನೋಡು" ಅಂತ ಮನುಷ್ಯರನ್ನು ನಂಬರಿನಲ್ಲಿ ಕರೆಯಲು ಶುರು ಮಾಡಿದರೆ ನಾನು ಎಚ್ಚರ ಆಗುತ್ತೇನೆ.

ನಿದ್ದೆ ಪೂರ್ತಿ ಕೆಟ್ಟರೆ, ಅಳು ಬರುತ್ತಿದ್ದರೆ, ಕುಡಿತ ಏರಿದರೆ, ಬದುಕೇ ಬೇಡ ಅನ್ನುವ ಮಾತು ಬಾಯಲ್ಲಿ ಬಂದರೆ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಕೆಲಸ ಮಾಡುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಈ ನಂಬರನ್ನು ಕೈ ತೊಳೆಯುವ ಜಾಗದ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.

ಮನಸ್ಸಿನ ಡಾಕ್ಟರ್ ಹತ್ತಿರ ಹೋಗುವುದು ಅಂದ್ರೆ ಹುಚ್ಚು ಅಂತ ಹಿಂಜರಿಯುವವರಿಗೆ ನಾನು ಒಂದು ಮಾತು ಹೇಳುತ್ತೇನೆ. ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಚಿಕಿತ್ಸೆ ಸಿಗಬೇಕು ಅಂತ ನಿಮ್ಹಾನ್ಸ್ 1980ರ ದಶಕದಲ್ಲಿ ಇಡೀ ಒಂದು ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಆ ಜಿಲ್ಲೆ ನಮ್ಮ ಬಳ್ಳಾರಿ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಇದೇ ಬಳ್ಳಾರಿ ಮಾದರಿಯ ಮೇಲೆ. ದೇಶಕ್ಕೆ ದಾರಿ ತೋರಿಸಿದ ಊರಿನವರು ನಾವು, ನಮಗೇ ಯಾಕೆ ನಾಚಿಕೆ?

ದುಡಿಯುವವರಿಗೆ: ನಿಮ್ಮ ಕೈಯಲ್ಲಿರುವುದು

ಮಾಲೀಕರು ಬದಲಾಗುವವರೆಗೆ ಕಾಯಲು ಆಗುವುದಿಲ್ಲ, ಗೊತ್ತು. ಎದೆ ಹೊಡೆದುಕೊಳ್ಳುತ್ತಿದ್ದರೆ ಉಸಿರು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ನಾಲ್ಕು ಎಣಿಸುತ್ತಾ ಎಳೆದು, ಎಂಟು ಎಣಿಸುತ್ತಾ ಬಿಡಿ. ಐದಾರು ಸಲ. ಉಸಿರು ಬಿಡುವಾಗ ಎದೆ ಬಡಿತ ತಾನಾಗಿ ಇಳಿಯುತ್ತದೆ, ದೇಹ ಇರುವುದೇ ಹಾಗೆ. ಚೀಟಿ ಕೇಳಿ ತಗೊಳ್ಳಿ, ಆರ್ಡರ್ ತಿರುಗಿ ಓದಿ ಹೇಳಿ. ಖಾಲಿ ಹೊಟ್ಟೆಯಲ್ಲಿ ಚಹಾದ ಮೇಲೆ ಚಹಾ ಕುಡಿಯಬೇಡಿ. ಜೇಬಿನಲ್ಲಿ ಒಂದು ಶೇಂಗಾ ಚಿಕ್ಕಿ ಇಟ್ಟುಕೊಳ್ಳಿ. ಮನೆಗೆ ಹೋದ ಕೂಡಲೇ ಮೊದಲು ಕಾಲಿಗೆ ನೀರು ಹಾಕಿಕೊಳ್ಳಿ, ಅಂಗಿ ಬದಲಿಸಿ, ಆಮೇಲೆ ಮಕ್ಕಳ ಜೊತೆ ಮಾತಾಡಿ. ಹೋಟೆಲಿನ ಅಂಗಿಯಲ್ಲೇ ಮಾತಿಗೆ ನಿಂತರೆ ಗಿರಾಕಿಯ ಸಿಟ್ಟು ಮಗುವಿನ ಮೇಲೆ ಹೋಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಪಾತ್ರೆ ತೊಳೆಯುವ ಅಕ್ಕ.

ಹೆಜ್ಜೆ 10: ನೋಟ್‌ಬುಕ್ ಎಲ್ಲರಿಗೂ ತೋರಿಸಿ

ತಿಂಗಳಾದ ಮೇಲೆ ಮತ್ತೆ ಎರಡು ವಾರ ಬರೆಯಿರಿ. ಹಳೆಯ ಪುಟ, ಹೊಸ ಪುಟ ಪಕ್ಕ ಪಕ್ಕ ಇಟ್ಟು ಎಲ್ಲರನ್ನೂ ಕೂರಿಸಿ ಓದಿ. ನಮ್ಮಲ್ಲಿ ಎರಡನೇ ಸಲ ನಲವತ್ಮೂರು ಹತ್ತೊಂಬತ್ತಕ್ಕೆ ಇಳಿದಿತ್ತು. ಮಧ್ಯಾಹ್ನದ ಸಾಲು ಬಹುಪಾಲು ಖಾಲಿ. ಆದರೆ ಭಾನುವಾರ ರಾತ್ರಿ ಒಂಬತ್ತರ ಹತ್ತಿರ ಹೊಸದೊಂದು ಗುಂಪು ಕಾಣಿಸಿತು, ಏಳು ತಪ್ಪು. ನನಗೆ ಕಾರಣ ಹೊಳೆಯಲಿಲ್ಲ. ಒಬ್ಬ ಹುಡುಗ ಬೆರಳಿಟ್ಟು ಹೇಳಿದ: "ಅಣ್ಣ, ಅವತ್ತ ಪಾರ್ಸಲ್ ಜಾಸ್ತಿ ಇರ್ತಾವು. ಪಾರ್ಸಲ್ ಕಟ್ಟಾವ್ರು ಯಾರು ಅಂತ ನೀವು ಹೇಳೇ ಇಲ್ಲ. ಎಲ್ಲಾರೂ ಕಟ್ತೀವಿ, ಯಾರೂ ಕಟ್ಟಂಗಿಲ್ಲ." ಮುಂದಿನ ಭಾನುವಾರದಿಂದ ಪಾರ್ಸಲ್ ಟೇಬಲ್‌ಗೆ ಒಬ್ಬರೇ ನಿಂತರು. ಆ ಕೆಲಸವನ್ನು ಅವನೇ ಕೇಳಿ ತಗೊಂಡ.